ನಡೆದರೆ ಸೋಲು, ಓಡಿದರೆ ಗೆಲುವು

ಮಾರ್ಚ್ ೧೪, ಶನಿವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ನಿನ್ನ ಫೋನ್ ನಂಬರು ಬದಲಾಗಿದೆ, ನಿನ್ನ ಅಮ್ಮನ ಬಾಯಿಂದ ವಿಳಾಸ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮೊದಲು ಒಳ್ಳೆಯ ಸುದ್ದಿ: ಪಿಎಚ್‌.ಡಿ. ವೈವಾ ಮುಗಿಯಿತು, ಪಾಸು!

ನೀನು ಕೆಲಸಕ್ಕೆ ಹೋದ ಮೇಲೆ, ನಮ್ಮ ವಿಧಾನಕ್ಕೆ ಕಂಪ್ಯೂಟರಿನೊಳಗಿನ ಪರೀಕ್ಷೆ ಸಾಲದು, ನಿಜವಾದ ಮನುಷ್ಯರು ಓಡಾಡಬೇಕು ಎಂದು ನಮ್ಮ ಗೈಡ್ ಹಟ ಹಿಡಿದರು. ಸರಿ, ಕಾಲೇಜಿನ ಮೈದಾನದಲ್ಲಿ ಸಿಕ್ಕಸಿಕ್ಕವರ ಸೊಂಟಕ್ಕೆಲ್ಲ ರೇಡಿಯೋ ಡಬ್ಬಿ ಕಟ್ಟಿದೆ. ಟವರ್ ಇಲ್ಲ, ತಂತಿಯಿಲ್ಲ. ಡಬ್ಬಿಯಿಂದ ಡಬ್ಬಿಗೆ ಸಂದೇಶ ದಾಟಬೇಕು. ಹಳೆಯ ವಿಧಾನ ಎಲ್ಲ ದಾರಿಗಳನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳುತ್ತದೆ, ನೀನೂ ನಾನೂ ಸೇರಿ ಕಟ್ಟಿದ್ದು ಬೇಕಾದಾಗಷ್ಟೇ ದಾರಿ ಕೇಳುತ್ತದೆ. ಅಯ್ಯೋ, ನಿನಗೇ ಪಾಠ ಹೇಳುತ್ತಿದ್ದೇನೆ! ವೈವಾಕ್ಕೆಂದು ಉರುಹೊಡೆದದ್ದು ಇನ್ನೂ ನಾಲಿಗೆಯಿಂದ ಇಳಿದಿಲ್ಲ.

ಕ್ಯಾಂಟೀನಿನವನು ಡಬ್ಬಿ ಸಮೇತ ಗೋಡೆಯ ಹಿಂದೆ ಹರಟೆಗೆ ಹೋಗಿದ್ದ. ಅರ್ಧ ಮೈದಾನದ ಸಂಪರ್ಕ ಕಡಿಯಿತು.

“ನಾನೊಬ್ಬ ಹೋದ್ರೆ ಏನಾಗುತ್ತಮ್ಮ?”

“ಈ ಕಡೆಯವರಿಗೂ ಆ ಕಡೆಯವರಿಗೂ ನಡುವೆ ಇದ್ದದ್ದು ನೀವೊಬ್ರೇ ಅಣ್ಣಾ, ಓಡಿ ಬನ್ನಿ!”

ಅಂದಿನಿಂದ ಅವನ ಗತ್ತು ನೋಡಬೇಕು. ಒಂದು ಸರದಿ ಎಲ್ಲರೂ ನಡೆಯಬೇಕು, ಇನ್ನೊಂದು ಸರದಿ ಓಡಬೇಕು. ಓಡುವ ಸರದಿಯಲ್ಲಿ ಗೈಡ್ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲೇ ಓಡಿದರು.

ಫಲಿತಾಂಶ ಕೇಳು. ಓಡುವಾಗ ಹಳೆಯದು ನೆಚ್ಚಿಕೊಂಡಿದ್ದ ದಾರಿಗಳೆಲ್ಲ ಹರಿದುಹೋದವು. ನಮ್ಮದೇ ಹೆಚ್ಚು ಸಂದೇಶ ತಲುಪಿಸಿತು. ಆದರೆ ನಿಧಾನವಾಗಿ ನಡೆದಾಗ ನಮ್ಮದು ದಾರಿ ಕೇಳುತ್ತ ಕೂತಿತು, ಹಳೆಯದು ಸಲೀಸಾಗಿ ಗೆದ್ದಿತು.

ಗೈಡ್ ಮುಖ ಸಣ್ಣದಾಯಿತು. “ನಡಿಗೆಯ ಅಂಕಿ ಬಿಟ್ಬಿಡು. ಓಟದ್ದು ಸಾಕು.”

“ಸರ್, ಗುಬ್ಬಿ ಇದ್ದಿದ್ರೆ ಇದಕ್ಕೆ ಒಪ್ತಿದ್ಳಾ?”

ಅವರು ಕನ್ನಡಕ ಒರೆಸಿದರು, ಒರೆಸಿದರು, ಕೊನೆಗೆ “ಎರಡೂ ಹಾಕು” ಎಂದರು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕಿಯ ಮೊದಲ ಪ್ರಶ್ನೆಯೇ, “ನಿಮ್ಮದು ಯಾವಾಗ ಸೋಲುತ್ತೆ?” ನಾನು ನಡಿಗೆಯ ಅಂಕಿಗಳ ಚಿತ್ರವನ್ನೇ ತೋರಿಸಿದೆ. ಆಕೆ ಕುರ್ಚಿಗೆ ಒರಗಿ ನಕ್ಕರು. “ಅಂತೂ ಒಬ್ರು ಸೋತಿದ್ದನ್ನೂ ತೋರಿಸಿದ್ರಲ್ಲ! ಇನ್ನು ಗೆದ್ದದ್ದನ್ನ ನಂಬ್ತೀನಿ.” ಹಿಂದಿನ ಸಾಲಿನಲ್ಲಿ ಚಪ್ಪಾಳೆ ಹೊಡೆದದ್ದು ಕ್ಯಾಂಟೀನಿನವನು. ಇದರ ಮೇಲೆ ಬರೆದ ಲೇಖನದಲ್ಲಿ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಅದು ಗೈಡ್ ತಾವಾಗಿಯೇ ಹೇಳಿದ್ದು.

ಹೊಸ ಕೆಲಸ ಕೈಹಿಡಿಯಲಿ. ಹೊತ್ತುಹೊತ್ತಿಗೆ ಊಟ ಮಾಡು, ಚೆನ್ನಾಗಿರು.

ನಿನ್ನ
ಬಾಯಿಬಡುಕಿ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ನೀನು ಹೋದದ್ದಕ್ಕೆ ನನಗೆ ಬೇಸರವಿಲ್ಲ ಕಣೇ, ಒಳ್ಳೆಯ ಕೆಲಸ ಯಾರು ಬಿಡುತ್ತಾರೆ. ಆದರೆ ಹಿಂದಿನ ಸಂಜೆ ಪಕ್ಕದಲ್ಲೇ ಕೂತು, ನನ್ನ ಜೋಕಿಗೆಲ್ಲ ನಕ್ಕು, “ನಾಳೆ ಸಿಗೋಣ” ಅಂದೆಯಲ್ಲ. ಬೆಳಿಗ್ಗೆ ನಿನ್ನ ಮೇಜು ಬರಿದಾಗಿತ್ತು. ನನಗೆ ಹೇಳಿದ್ದರೆ ತಡೆಯುತ್ತಿದ್ದೆ ಅಂದುಕೊಂಡೆಯಾ? ಬಸ್ಸಿನವರೆಗೆ ಪೆಟ್ಟಿಗೆ ಹೊತ್ತು ಬರುತ್ತಿದ್ದೆ ಕಣೇ.