ನೀಲಿ ಸ್ಕರ್ಟಿನ ಅಳತೆ

ಬಟ್ಟೆ ಅಂಗಡಿಯ ನೆಲಮಾಳಿಗೆ,
ನವೆಂಬರ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಿಮ್ಮಡಿ ನೋವು ಕಡಿಮೆಯಾಯಿತೇ? ವಾರ್ಡನ್ ಕೆಲಸವೆಂದು ಹಾಸ್ಟೆಲಿನ ಅಷ್ಟು ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿದರೆ ಪಾಪ, ಹಿಮ್ಮಡಿಯಾದರೂ ಏನು ಮಾಡೀತು. ಭಾವ ಬಿಸಿನೀರು ಕಾಯಿಸಿ ಕೊಡುತ್ತಾರೋ, ಇಲ್ಲ ಪೇಪರಿನಿಂದ ತಲೆ ಎತ್ತುವುದೇ ಇಲ್ಲವೋ? ನನ್ನ ಕತ್ತು ಎಂದಿನಂತೆಯೇ ಇದೆ. ಎಡಕ್ಕೆ ತಿರುಗುತ್ತದೆ, ಬಲಕ್ಕೆ ಬಾ ಎಂದರೆ ಮೊಂಡು ಹಿಡಿಯುತ್ತದೆ. ನಿನ್ನ ಕಾಗದ ಮೊನ್ನೆ ತಲುಪಿತು. ಎರಡು ತಿಂಗಳಿಂದ ನನ್ನ ಕಾಗದವಿಲ್ಲ, ಫೋನು ಮಾಡಿದರೂ ಹೂಂ, ಉಹೂಂ ಅಷ್ಟೇ, ಏನಾಗಿದೆ ನಿನಗೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಕೆಲಸ ಮುಗಿಸಿ, ಕೂತುಕೊಂಡು ಓದು.

ನಮ್ಮ ಮಹಾರಾಣಿ ಹೋಗಿಬಿಟ್ಟಳು. ಹತ್ತು ದಿನವಾಯಿತು. ಇಸ್ತ್ರಿ ಮೇಜಿನವಳು ಎಂದು ಹಿಂದೆ ಬರೆದಿದ್ದೆನಲ್ಲ, ಅವಳೇ. ಹಬೆಯಲ್ಲಿ ಇಡೀ ದಿನ ಬೇಯುವವಳು ಕುತ್ತಿಗೆಗೆ ರೇಷ್ಮೆ ಸ್ಕಾರ್ಫು ಕಟ್ಟದೆ ಒಂದು ದಿನವೂ ಕೆಲಸಕ್ಕೆ ಬಂದವಳಲ್ಲ, ಅದಕ್ಕೇ ಆ ಹೆಸರು. ಹನ್ನೊಂದು ವರ್ಷ ನಾವು ಮೂವರು ಈ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದೇವೆ: ಮಿಷನ್ನಿನಲ್ಲಿ ನಾನು, ಇಸ್ತ್ರಿಗೆ ಅವಳು, ಗುಂಡಿ ಹಚ್ಚಲು ನಮಗಿಂತ ಹಿರಿಯರಾದ ಗುಂಡಿಯಮ್ಮ. ಊಟದ ಡಬ್ಬಿ ತೆರೆದರೆ ಮೊದಲು ರೋಗ, ಆಮೇಲೆ ಬಟ್ಟೆ. ಗುಂಡಿಯಮ್ಮ ಮಂಡಿ ನೀವಿಕೊಳ್ಳುತ್ತ “ಇವತ್ತು ಎಡಗಾಲಿನ ಸರದಿ” ಅನ್ನುತ್ತಿದ್ದರು. ನನ್ನ ಕತ್ತು, ಮಹಾರಾಣಿಯ ಹೊಟ್ಟೆಯುರಿ ಆದ ಮೇಲೆ ಮೇಲಿನ ಅಂಗಡಿಗೆ ಬಂದ ಹೊಸ ಮಾಲಿನ ವಿಚಾರಣೆ. ಉಬ್ಬಿದ ತೋಳು ಮತ್ತೆ ಬಂದಿತೆಂದು ಒಂದು ವಾರ ಜಗಳವಾಡಿದ್ದೇವೆ. ನನ್ನ ಕತ್ತು ಹಿಡಿದುಕೊಂಡಾಗ ಮಹಾರಾಣಿ ಟವೆಲ್ಲಿಗೆ ಹಬೆ ಹಿಡಿದು ತಂದು ಹಾಕುತ್ತಿದ್ದಳು. ಗುಂಡಿಯಮ್ಮನ ಗರ್ಭಕೋಶ ತೆಗೆದ ವರ್ಷ ಅವರು ಬೇಗ ಕೆಲಸಕ್ಕೆ ಮರಳಿದರು. ಆರು ವಾರ ಅವರನ್ನು ಸುಮ್ಮನೆ ಕೂರಿಸಿ ಅವರ ಗುಂಡಿಗಳನ್ನೆಲ್ಲ ನಾವಿಬ್ಬರೇ ಹಚ್ಚಿದೆವು, ಮ್ಯಾನೇಜರಿಗೆ ಸುಳಿವೂ ಸಿಗಲಿಲ್ಲ.

ಮೇ ತಿಂಗಳಲ್ಲಿ ಮಹಾರಾಣಿ ತನ್ನ ನೀಲಿ ಸ್ಕರ್ಟು ತಂದು ಸೊಂಟ ಟೈಟ್ ಮಾಡಿಕೊಡು ಎಂದಳು. ಒಂದು ಇಂಚು ಹಿಡಿದೆ. “ರಾತ್ರಿ ಊಟ ಬಿಟ್ಟಿದ್ದೀನಿ ಕಣೇ, ಅಷ್ಟೇ” ಎಂದು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು. ಬಿಟ್ಟದ್ದಲ್ಲ, ತಿಂದದ್ದು ನಿಲ್ಲುತ್ತಿರಲಿಲ್ಲ, ಅದು ಆಮೇಲೆ ತಿಳಿಯಿತು. ಹೊಟ್ಟೆಯುರಿ ಎಂದಾಗಲೆಲ್ಲ ನನ್ನ ಗ್ಯಾಸ್ಟ್ರಿಕ್ ಮಾತ್ರೆಗಳನ್ನೇ ಕೊಟ್ಟೆ. ಜುಲೈನಲ್ಲಿ ಒಂದೂವರೆ ಇಂಚು ಹಿಡಿದೆ. ಗುಂಡಿಯಮ್ಮ ನನ್ನನ್ನು ನಲ್ಲಿಯ ಹತ್ತಿರ ಕರೆದು, “ಇದು ಡಯಟ್ಟಲ್ಲ, ಅವಳ ಮುಖ ನೋಡು ಒಂದ್ಸಲ” ಎಂದರು. ನಾನು ಏನೆಂದೆ ಗೊತ್ತೇ? “ನಿಮಗೆ ಹೊಟ್ಟೆಕಿಚ್ಚು” ಎಂದೆ. ಅವರು ನನ್ನೊಂದಿಗೆ ಒಂದು ವಾರ ಮಾತು ಬಿಟ್ಟರು.

ಸೆಪ್ಟೆಂಬರಿನಲ್ಲಿ ಮೂರನೆಯ ಸಲ. ಎರಡು ಇಂಚು. ಟೇಪು ಸುತ್ತುವಾಗ ಸೊಂಟದ ಎಲುಬು ನನ್ನ ಹೆಬ್ಬೆರಳಿಗೆ ತಾಗಿತು. ಕೈ ಅಲ್ಲೇ ನಿಂತಿತು. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. “ಏನು, ಜಾಸ್ತಿ ಇಳಿದಿದ್ದೀನಾ?” ಎಂದು ಕೇಳಿದಳು. ಆಗ ಹೇಳಬಹುದಿತ್ತು. ಅದರ ಬದಲು ನಕ್ಕು, “ಶೋಕೇಸಿನ ಬೊಂಬೆಗಿಂತ ಚೆನ್ನಾಗಿದ್ದೀಯ” ಎಂದುಬಿಟ್ಟೆ.

ಅಕ್ಟೋಬರ್ ಮೊದಲ ವಾರ ಅವಳು ಇಸ್ತ್ರಿ ಮೇಜಿನ ಕಾಲಬುಡದಲ್ಲಿ ಕುಸಿದಳು. ಕಣ್ಣಿನ ಬಿಳಿ ಅರಿಶಿನದ ಹಾಗಿತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿ, ಹೊಟ್ಟೆಯೊಳಗೆ ಕ್ಯಾನ್ಸರ್, ಲಿವರಿಗೂ ಹಬ್ಬಿದೆ ಎಂದರು. ತೂಕ ಯಾವಾಗಿನಿಂದ ಇಳಿಯಿತು ಎಂದು ಡಾಕ್ಟರಮ್ಮ ಕೇಳಿದರು. ಅವಳ ಗಂಡ ಬಸ್ಸು ಓಡಿಸುವವರು, ಮುಂಜಾನೆ ಹೋದರೆ ಕತ್ತಲಾದ ಮೇಲೆ ಬರುವವರು. ಅವರು ನನ್ನ ಮುಖ ನೋಡಿದರು. ಚೀಲದಿಂದ ಅಳತೆ ಪುಸ್ತಕ ತೆಗೆದು ಓದಿದೆ: ಮೇ, ಒಂದು ಇಂಚು. ಜುಲೈ, ಒಂದೂವರೆ. ಸೆಪ್ಟೆಂಬರ್, ಎರಡು. ತಾರೀಖಿನ ಸಮೇತ ಎಲ್ಲವೂ ನನ್ನದೇ ಕೈಬರಹದಲ್ಲಿತ್ತು. ಡಾಕ್ಟರಮ್ಮ ಬರೆದುಕೊಂಡರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲಿನ ನಾಲ್ಕು ವಾರ ಗುಂಡಿಯಮ್ಮ ಬೆಳಿಗ್ಗೆ, ನಾನು ಕೆಲಸ ಬಿಟ್ಟ ಮೇಲೆ ಅವಳ ಹತ್ತಿರ ಹೋಗುತ್ತಿದ್ದೆವು. ಅವಳಿಗೆ ಬೇಕಾಗಿದ್ದದ್ದು ಔಷಧಿಯ ಮಾತಲ್ಲ, ಹೊಸ ಮಾಲಿನ ಮಾತು. ಚಳಿಗಾಲದ ಕೋಟುಗಳಿಗೆ ಈ ವರ್ಷ ಯಾವ ಕಾಲರು, ಉದ್ದ ಮಂಡಿಗೆ ಮೇಲೋ ಕೆಳಗೋ, ಎಲ್ಲವನ್ನೂ ಒಪ್ಪಿಸಬೇಕಿತ್ತು. “ಈ ಆಸ್ಪತ್ರೆ ಅಂಗಿ ಹೊಲಿದವನು ಮನುಷ್ಯರ ಭುಜಾನೇ ನೋಡಿಲ್ಲ” ಎಂದಳು ಒಂದು ದಿನ. ಸೂಜಿದಾರ ತಂದು, ನರ್ಸಮ್ಮ ಆಚೆ ಹೋದಾಗ ಭುಜದ ಹೊಲಿಗೆ ಸರಿ ಮಾಡಿದೆ. ಅವಳ ಮೈಮೇಲೆಯೇ ಹೊಲಿಯುತ್ತ, ಅಳು ತಡೆಯದೆ, ನನ್ನನ್ನು ಕ್ಷಮಿಸು ಎಂದೆ.

ಅವಳು, “ಅವತ್ತು ಡಾಕ್ಟ್ರ ಹತ್ರ ಹೋಗೋಣ ಅಂತಲೇ ಬೇಗ ಹೊರಟಿದ್ದೆ. ನೀನು ಚೆನ್ನಾಗಿದ್ದೀಯ ಅಂದೆ. ಹಾಗೇ ಮನೆಗೆ ಹೋದೆ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಬೈತಾ ಇಲ್ಲ ಕಣೇ. ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ” ಎಂದವಳು ದಾರ ಕಡಿಯಲು ಅನುಕೂಲವಾಗಲಿ ಎಂದು ಭುಜವನ್ನು ನನ್ನ ಕಡೆ ತಿರುಗಿಸಿದಳು. ಈ ತಿಂಗಳ ನಾಲ್ಕಕ್ಕೆ, ಮಂಗಳವಾರ ಬೆಳಿಗ್ಗೆ ಪ್ರಾಣ ಹೋಯಿತು. ಆಗ ಪಕ್ಕದಲ್ಲಿದ್ದದ್ದು ಗುಂಡಿಯಮ್ಮ, ನಾನಲ್ಲ.

ಮರುದಿನ ಅವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಸೂಜಿ ಕೆಳಗಿಟ್ಟು, “ನಾನಾದ್ರೂ ಅವಳನ್ನ ಕರ್ಕೊಂಡು ಹೋಗಬಹುದಿತ್ತಲ್ಲ. ನಿನ್ನ ಮೇಲಿನ ಸಿಟ್ಟಿಗೆ ಸುಮ್ನಿದ್ದೆ” ಎಂದರು. ನಾವು ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಅವಳ ಮೇಜಿನ ಮೇಲೆ ಮ್ಯಾನೇಜರು ಈಗ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಊಟದ ಹೊತ್ತಿನಲ್ಲಿ ನಾವಿಬ್ಬರೂ ಗೋಡೆ ನೋಡಿಕೊಂಡು ಬೇಗ ಉಂಡು ಏಳುತ್ತೇವೆ.

ಭಾವನಿಗೆ ನನ್ನ ನಮಸ್ಕಾರ. ಹಾಸ್ಟೆಲಿನ ನಿನ್ನ ತುಂಟಿಯರೆಲ್ಲ ಚೆನ್ನಾಗಿರಲಿ. ನೀನು ಹೊತ್ತಿಗೆ ಸರಿಯಾಗಿ ಮಲಗು.

ಇಂತಿ ನಿನ್ನ
ಪುಟ್ಟಿ

ವಿ.ಸೂ.: ಚಳಿಗಾಲದ ಕೋಟು ಹೊಲಿಯಲೆಂದು ನೀನು ಕಾಗದದಲ್ಲಿ ಬರೆದು ಕಳಿಸಿದ ಅಳತೆಯನ್ನು ನನ್ನ ಅಳತೆ ಪುಸ್ತಕದಲ್ಲಿರುವ ನಿನ್ನ ಹೋದ ವರ್ಷದ ಪುಟದ ಪಕ್ಕ ಇಟ್ಟು ನೋಡಿದೆ. ಸೊಂಟ ಮೂರೂವರೆ ಇಂಚು ಕಡಿಮೆ, ಎದೆ ಎರಡು. “ಏನೂ ಮಾಡದೆ ಸಣ್ಣಗಾಗಿದ್ದೀನಿ, ಹೊಟ್ಟೆ ಉರ್ಕೋ” ಎಂದು ಬರೆದಿದ್ದೀಯ. ಅಕ್ಕಾ, ನೀನು ಚೆನ್ನಾಗಿ ಕಾಣುತ್ತಿರಬಹುದು, ನಾನು ಹಾಗೆ ಹೇಳುವುದಿಲ್ಲ. ಕಾಗದ ಮಡಿಸಿದ ಕೂಡಲೇ ಡಾಕ್ಟರ ಹತ್ತಿರ ಹೋಗು, ಈ ಅಂಕಿಗಳನ್ನು ತೋರಿಸು. ಫೋನಿನಲ್ಲಿ ಹೇಳಿದರೆ ನಕ್ಕು ಇಟ್ಟುಬಿಡುತ್ತೀಯ ಎಂದೇ ಇಷ್ಟೆಲ್ಲ ಬರೆದೆ. ಇಪ್ಪತ್ತೆರಡಕ್ಕೆ ರಜೆ ಹಾಕಿ ಬರುತ್ತಿದ್ದೇನೆ. ಅಷ್ಟರೊಳಗೆ ನೀನು ಹೋಗಿರದಿದ್ದರೆ ಬಸ್ ಸ್ಟ್ಯಾಂಡಿನಿಂದ ಸೀದಾ ಆಸ್ಪತ್ರೆಗೇ ಹೋಗೋಣ, ಮನೆಗೆ ಆಮೇಲೆ.