ಮಷೀನ್ ಮುಂದಿನ ಅಮ್ಮಿ

ಫೆಬ್ರವರಿ ೩, ಬೆಳಿಗ್ಗೆ, ಲೋಕಲ್‌ನಲ್ಲಿ

ಕುರ್ಲಾದಲ್ಲಿ ರೈಲು ಬದಲಾಯಿಸಿದೆ. ಸೀಟಿಲ್ಲ. ಮುಲುಂಡಿನ ಗೈಡ್ ಮನೆಗೆ ಹೊರಟಿದ್ದೇನೆ, ಹೋಗಲು ಮನಸ್ಸೇ ಇಲ್ಲ.

ನಿನ್ನೆ ಅಮ್ಮಿಯ ಇಂಟರ್‌ವ್ಯೂ. ನನ್ನ ಪಿಎಚ್‌.ಡಿ.ಯ ಕೊನೆಯ ಅಧ್ಯಾಯಕ್ಕೆ — ವಿಜಯಪುರ ಕಡೆಯಿಂದ ಮುಂಬೈಗೆ ಬಂದ ಮುಸ್ಲಿಂ ಮನೆಗಳ ಕನ್ನಡ. ಹುಟ್ಟಿದಾಗಿನಿಂದ ನನ್ನನ್ನು ಕನ್ನಡದಲ್ಲೇ ಬೈದವಳು, ರೆಕಾರ್ಡರ್ ಹಚ್ಚಿದ್ದೇ ತಡ, ಸೆರಗು ಸರಿಮಾಡಿಕೊಂಡು ಟಿವಿ ನ್ಯೂಸಿನವಳಾದಳು. "ಜೀ, ಹಮಾರೇ ಘರ್ ಮೇ ಸಿರ್ಫ್ ಉರ್ದೂ ಹೈ."

ಆಫ್ ಮಾಡಿದೆ. ಮರುಕ್ಷಣವೇ ಅವಳ ಕನ್ನಡ ವಾಪಸ್. "ಮುಗೀತಾ? ಚಾ ಆರಾಕತ್ತೈತಿ, ಕುಡಿ."

ಅಯ್ಯೋ ಅಮ್ಮಿ!

ಅದೇ ದಿನ, ಸಂಜೆ

ಗೈಡ್ ಪ್ರಫುಲ್ಲಾ ಮೇಡಂ ಟೇಪ್ ಕೇಳಿದರು. "ಎಂತ ಶಾಹೀನಾ, ನಿನ್ನ ತಾಯಿಯೇ ಉರ್ದು ಅಂತ ಹೇಳ್ತಾರಲ್ಲ ಮಾರಾಯ್ತಿ! ಆ ಅಧ್ಯಾಯ ತೆಗೆ. ನಮ್ಮ ಉಡುಪಿ ಹೋಟೆಲಿನವರ ಅಧ್ಯಾಯಗಳೇ ಸಾಕು. ಡೇಟಾ ಕ್ಲೀನ್ ಉಂಟು."

ಕ್ಲೀನ್ ಅಂತೆ! ಮೈಯೆಲ್ಲ ಉರಿಯಿತು. ತೆಗೆಯುವುದಿಲ್ಲ.

ಫೆಬ್ರವರಿ ೬

ಅಮ್ಮಿಯನ್ನು ಕೇಳಿಯೇಬಿಟ್ಟೆ. "ಯಾಕ ಸುಳ್ಳ ಹೇಳಿದಿ?"

"ಸುಳ್ಳಲ್ಲ ಬೇಟಿ. ಈ ಚಾಳಿಗೆ ಬಂದ ಹೊಸದಾಗಿ ನಳದ ಮುಂದ ಕನ್ನಡ ಮಾತಾಡಿದೆ. ಪಕ್ಕದ ದಾವಲಬಿ ನಕ್ಕಳು — ಇಕಿ ಎಂಥಾ ಮುಸಲ್ಮಾನಳು ಅಂತ. ಅಕೀನೂ ನಮ್ಮ ಕಡೆಯಾಕೀನ! ಕನ್ನಡದವರ ಫಂಕ್ಷನ್‌ಗೆ ಹೋದ್ರ, ನಿಮಗ ಕನ್ನಡ ಹೆಂಗ ಬಂತು ಅಂದ್ರು. ಅವತ್ತಿಂದ ಮಂದಿ ಮುಂದ ಒಳ್ಳೆ ಸೀರಿ, ಒಳ್ಳೆ ಉರ್ದು."

ಅಳು ಬಂತು. ಸಿಟ್ಟೂ ಬಂತು.

"ಇದನ್ನ ಬರೀಲಾ?"

"ಬ್ಯಾಡ. ನನ್ನ ಹೆಸರ ತರಬ್ಯಾಡ."

ತರುವುದಿಲ್ಲ. ಬೇಡ ಎಂದ ಮೇಲೆ ಬೇಡ. ಆದರೆ ಅವಳು ಅವಮಾನಕ್ಕೆ ಹೆದರಿ ಕನ್ನಡ ಮುಚ್ಚಿಟ್ಟದ್ದನ್ನೇ ಮೇಡಂ ನಮ್ಮದು ಕನ್ನಡವಲ್ಲ ಎಂಬುದಕ್ಕೆ ಪುರಾವೆ ಮಾಡಿಕೊಂಡರೆ ನಾನು ಕೈಕಟ್ಟಿ ಕೂರಬೇಕಾ?

ಫೆಬ್ರವರಿ ೧೩

ಸೆಮಿನಾರ್. ಅಮ್ಮಿಯ ಟೇಪ್ ಹಾಕಲಿಲ್ಲ.

"ಹಾಗಾದ್ರೆ ಆಧಾರ ಎಂತದು?" ಮೇಡಂ.

"ನಾನs ಆಧಾರ ರೀ. ನಮ್ಮನ್ಯಾಗ ಹಿಂಗs ಮಾತಾಡ್ತೀವಿ." ಕ್ಲಾಸಿನ ಕನ್ನಡ ಬಿಟ್ಟು ಮನೆಯ ಬಾಯಲ್ಲೇ ಹೇಳಿದೆ. ಹಿಂದಿನ ಸಾಲಿನಲ್ಲಿ ನಕ್ಕರು. ನಗಲಿ. ಪೂರ್ತಿ ಹಾಗೆಯೇ ಮಾತಾಡಿ ಮುಗಿಸಿದೆ.

ಮೇಡಂ ಒಪ್ಪಲಿಲ್ಲ: ಒಬ್ಬಳ ಮಾತಿನ ಮೇಲೆ ಅಧ್ಯಾಯ ನಿಲ್ಲುವುದಿಲ್ಲವಂತೆ. ತಿಂಗಳ ಕೊನೆಯೊಳಗೆ ಬೇರೆ ಧ್ವನಿ ತರಬೇಕು, ಇಲ್ಲವೇ ತೆಗೆಯಬೇಕು.

ಫೆಬ್ರವರಿ ೨೬, ಮಧ್ಯಾಹ್ನ

ಇಷ್ಟು ದಿನ ಚಾಳೆಲ್ಲ ಅಲೆದೆ. ರೆಕಾರ್ಡರ್ ಕಂಡರೆ ಎಲ್ಲರೂ ಟಿವಿ ನ್ಯೂಸೇ. ಬರೆಯುವ ಉಮೇದೂ ಇರಲಿಲ್ಲ.

ಇವತ್ತು ಅಮ್ಮಿ ರೊಟ್ಟಿ ಬಡಿಯುತ್ತಿದ್ದಳು. ಸೆಮಿನಾರಿನ ವಿಷಯ ಬಾಯಿಬಿಟ್ಟೆ. ಅವಳ ಕೈ ನಿಂತಿತು.

"ನಕ್ಕರಾ? ನಿನಗ?"

"ಹೂಂ."

"ಹಚ್ಚ ಆ ಮಷೀನ."

"ನಿನ್ನ ಹೆಸರು ಬ್ಯಾಡ ಅಂದಿದ್ದಿ..."

"ಹಚ್ಚ ಅಂದೆ!"

ಹಚ್ಚಿದೆ. ಸೆರಗು ಸರಿಮಾಡಿಕೊಳ್ಳಲಿಲ್ಲ, ಹಿಟ್ಟಿನ ಕೈ ತೊಳೆಯಲಿಲ್ಲ, ಮೇಡಂ ಎದುರಿಗೇ ಕೂತಂತೆ ಶುರುಮಾಡಿದಳು. "ಅಕ್ಕೋರs, ನಾ ಹಜರತಬಿ, ಇಂಡಿ ಕಡೆಯಾಕಿ. ಅವತ್ತು ಹೇಳಿದ್ದು ಮಂದಿ ಮುಂದಿನ ಮಾತು. ಇದು ಮನಿ ಮಾತು. ನನ್ನ ಮಗಳಿಗೆ ನಕ್ಕೋರು ಯಾರ? ಬರ್ರಿ ಇಲ್ಲಿ, ನನ್ನ ಮುಂದ ನಗ್ರಿ!"

ಇನ್ನೂ ಮಾತಾಡುತ್ತಲೇ ಇದ್ದಾಳೆ. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಗದ್ದಲಕ್ಕೆ ದಾವಲಬಿ ಚಾಚಿ ಬಾಗಿಲಿಗೆ ಬಂದಿದ್ದಾಳೆ. ಅವಳೇ, ಅಂದು ನಳದ ಮುಂದೆ ನಕ್ಕವಳು.

"ನಿಂತೇನ ನೋಡ್ತಿ? ಒಳಗ ಬಾ. ನೀನೂ ಹೇಳು." ಅಮ್ಮಿ.

ಚಾಚಿ ಮಷೀನ್ ನೋಡಿದಳು. ಸೆರಗಿಗೆ ಕೈ ಹಾಕಿದಳು. ಅಮ್ಮಿಯನ್ನು ನೋಡಿ ಕೈ ಬಿಟ್ಟಳು.

"ಏನ್ ಹೇಳ್ಲಿ ಬೇ... ನಮ್ಮೂರು ಬಾಗೇವಾಡಿ ಹತ್ತರ—"