ಸುಂಕದ ಕಟ್ಟೆಯಲ್ಲಿ ನಿಂತ ಪೆಟ್ಟಿಗೆ

ಮಧುಗಿರಿ
೧೪-೧೧-೧೯೩೮

ಕೊಲಂಬೋದಲ್ಲಿರುವ ಚಿ. ಸೌ. ರಾಜಲಕ್ಷ್ಮಿಗೆ, ನಿನ್ನ ಓರಗಿತ್ತಿ ಮುದ್ದಕ್ಕ ಬರೆಯುವ ಕಾಗದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ದೇಹಕ್ಕೆ ಕ್ಷೇಮವೇ. ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಅಲ್ಲಿಯವರೆಗೆ ಓದುವ ತಾಳ್ಮೆ ನಿನಗಿದ್ದರೆ ತೆಗೆದುಕೋ.

ನಿನ್ನ ಕಾಗದ ಗುರುವಾರ ಬಂತು. ಹಡಗಿಳಿದ ಮೇಲೆ ಸುಂಕದ ಕಟ್ಟೆಯಲ್ಲಿ ನಿಮ್ಮ ಪಾತ್ರೆ ಪೆಟ್ಟಿಗೆ ತಡೆದಿದ್ದಾರೆ ಎಂದು ಬರೆದಿದ್ದೀಯೆ. ಬಳಸಿದ ಪಾತ್ರೆಗೆ ಸುಂಕವಿಲ್ಲ, ಹೊಸದಕ್ಕೆ ಉಂಟು. ನಿನ್ನ ಗಂಡ, ನನ್ನ ಮೈದುನ ಚಿಕ್ಕರಂಗಯ್ಯ ‘ಹೊಸ ಹಿತ್ತಾಳೆ ಪಾತ್ರೆ ಎಂಟು, ಸಿರಾದಲ್ಲಿ ಕೊಂಡದ್ದು’ ಎಂದು ಅಂಗಡಿ ಚೀಟಿಯ ಸಮೇತ ಬರೆದುಕೊಟ್ಟರೆ, ಪೆಟ್ಟಿಗೆ ಒಡೆದಾಗ ಸಿಕ್ಕಿದ್ದು ಎಂಟು ಹಳೆಯ ಪಾತ್ರೆ. ಹೊಸದನ್ನು ದಾರಿಯಲ್ಲಿ ಯಾರಿಗೆ ಮಾರಿದೆ ಎಂದು ಅಧಿಕಾರಿ ಕೇಳಿದನಂತೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಕೇಳುತ್ತಾನೆಯೇ? ಸುದ್ದಿ ನೀವು ನೋಡಿಕೊಳ್ಳಲು ಹೋದ ಕಡಲೆಕಾಯಿ ಮಂಡಿಯ ಸಾಹುಕಾರರ ಕಿವಿಗೂ ಬಿದ್ದು, ಸುಂಕದ ಕಟ್ಟೆಯಲ್ಲಿ ಸುಳ್ಳು ಬರೆದವನಿಗೆ ಮಂಡಿ ಒಪ್ಪಿಸುವುದಿಲ್ಲ, ತಿಂಗಳೊಳಗೆ ತಿಳಿಯಾಗದಿದ್ದರೆ ಊರಿಗೆ ನಡೆಯಿರಿ ಅಂದರಂತೆ. ಅದಕ್ಕಿಂತ ಹೆಚ್ಚಿಗೆ, ಹೊಸ ಪಾತ್ರೆಗಳನ್ನು ನೀನೇ ತವರಲ್ಲಿ ಬಚ್ಚಿಟ್ಟು ಬಂದಿದ್ದೀಯೆ ಎಂದು ಮೈದುನ ಹನ್ನೆರಡು ದಿನದಿಂದ ನಿನ್ನೊಡನೆ ಮಾತಾಡಿಲ್ಲ. ಇಷ್ಟೆಲ್ಲ ಬರೆದು ಕೊನೆಗೆ ನೀನು ಕೇಳಿದ್ದು ಒಂದೇ: ‘ಅಕ್ಕ, ಕಟ್ಟುವಾಗ ಏನಾದರೂ ಅದಲುಬದಲಾಯಿತೇ?’

ಅದಲುಬದಲಾಗಲಿಲ್ಲ. ನಾನು ಮಾಡಿದೆ.

ನಿನ್ನ ಅತಿ ಬುದ್ಧಿಯೂ ಇದರಲ್ಲಿದೆ, ಅದನ್ನು ಹೇಳದೆ ಬಿಡುವವಳಲ್ಲ ನಾನು. ಹೊರಡುವ ಮುಂಚೆ ತವರಿಗೆ ಹೋಗುವಾಗ ಎಂಟನ್ನೂ ನನ್ನ ಒಲೆಯ ಮುಂದೆ ಇಟ್ಟು ಏನಂದೆ? ‘ಒಂದು ತಿಂಗ್ಳು ಇದ್ರಾಗೆ ಅಡಿಗೆ ಮಾಡ್ಬುಡಕ್ಕ, ಮಸಿ ಹಿಡೀಲಿ. ಅವ್ರಿಗೆ ಮಾತ್ರ ಹೇಳ್ಬ್ಯಾಡ, ಸತ್ಯಹರಿಶ್ಚಂದ್ರನ ತುಂಡು ಅವ್ರು.’ ನಾನು ನಕ್ಕು ಒಪ್ಪಿದೆ. ಆ ನಗು ಸುಳ್ಳು.

ರಾಜಲಕ್ಷ್ಮಿ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇತ್ತು ಎಂದು ಬರೆಯಲು ಹೊರಟಿದ್ದೆ, ಈಗಲೂ ಇದೆ. ನಾನು ಈ ಮನೆ ತುಂಬಿ ಹದಿನಾಲ್ಕು ವರ್ಷ. ಅತ್ತೆ ಬಳಸಿ ಬಿಟ್ಟ ಪಾತ್ರೆಗಳೇ ನನ್ನ ಪಾಲಿಗೆ ಬಂದವು, ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ನೀನು ಬಂದು ಎರಡು ವರ್ಷ. ಸಿರಾ ಪೇಟೆಯಿಂದ ಗಾಡಿಯಲ್ಲಿ ಪಾತ್ರೆ, ಮೇಲೆ ರೈಲು, ಅದರ ಮೇಲೆ ಹಡಗು. ಬಾವಿಕಟ್ಟೆಯಲ್ಲಿ ಲಕ್ಕಮ್ಮ ದಿನಾ ನಿನ್ನ ಸುದ್ದಿಯನ್ನೇ ನನ್ನ ಬಾಯಿಂದ ಕೇಳಬೇಕು. ‘ನಿಮ್ ರಾಜಲಕ್ಷ್ಮಿ ಪುಣ್ಯ ಮಾಡವ್ಳೆ ಕಣಮ್ಮ’ ಅನ್ನಬೇಕು. ನಾನು ಹೌದೌದು ಅಂದು ಹಗ್ಗ ಸೇದಬೇಕು.

ಮೊದಲ ದಿನ ನಿನ್ನ ತಪ್ಪಲೆಯಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿದೆ. ಅದೇ ಕಾಳು, ಅದೇ ಖಾರ. ನಿನ್ನ ಭಾವನವರು ಎರಡನೆಯ ಮುದ್ದೆ ಹಾಕಿಸಿಕೊಂಡು, ಏನು ಇವತ್ತು ಸಾರು ಇಷ್ಟು ಚೆನ್ನಾಗಿದೆ ಅಂದರು. ಗಂಡಸರಿಗೆ ಸಾರು ಕಾಣುತ್ತದೆ, ತಪ್ಪಲೆ ಕಾಣುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಸಾರಿಗೆ ಬಂದ ಮೊದಲ ಹೊಗಳಿಕೆ ನಿನ್ನ ಪಾತ್ರೆಯ ಪಾಲಾಯಿತು ಅನ್ನಿಸಿತು. ಆವತ್ತೇ ಅವನ್ನು ಕೊಡಬಾರದು ಎಂದುಕೊಂಡೆ.

ನೀನು ಸಿರಾದ ತವರಿನಿಂದ ಬರುವ ಹೊತ್ತಿಗೆ ಪೆಟ್ಟಿಗೆಗೆ ಮೊಳೆ ಬಿದ್ದಿತ್ತು. ನನ್ನ ಎಂಟನ್ನು ಹುಲ್ಲಿನಲ್ಲಿ ಸುತ್ತಿ ತುಂಬಿದವಳು ನಾನು. ಮೊಳೆ ಹೊಡೆದವರು ನಿನ್ನ ಭಾವನವರು, ಅವರಿಗೆ ಒಳಗೇನಿದೆಯೆಂದು ಗೊತ್ತಿಲ್ಲ. ನೀನು ನನ್ನ ಕಾಲಿಗೆ ಬಿದ್ದು, ಅಷ್ಟು ಪಾತ್ರೆ ಒಬ್ಬಳೇ ಕಟ್ಟಿದೆಯಲ್ಲ ಅಕ್ಕ ಎಂದು ಅತ್ತುಬಿಟ್ಟೆ. ನನಗೆ ಆಗಲೂ ಬುದ್ಧಿ ಬರಲಿಲ್ಲ. ಹಳೆಯದನ್ನೆಲ್ಲ ಕೊಟ್ಟು ಹೊಸದು ತಂದೆ ಎಂದು ಲಕ್ಕಮ್ಮನ ಮುಂದೆ ಒಂದು ತಿಂಗಳು ಮೆರೆದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಹೊಳೆಯಿತು: ನಿನಗೆ ಗೊತ್ತು. ಆ ಎಂಟರಲ್ಲಿ ಹೊಟ್ಟೆಯ ಮೇಲೆ ನಗ್ಗು ಬಿದ್ದ ಬಿಂದಿಗೆಯನ್ನು ಎರಡು ವರ್ಷ ನೀನೇ ಸೊಂಟದ ಮೇಲೆ ಹೊತ್ತಿದ್ದೀಯೆ. ಪೆಟ್ಟಿಗೆ ತೆರೆದ ಕೂಡಲೇ ಯಾರ ಪಾತ್ರೆಯೆಂದು ನಿನಗೆ ತಿಳಿಯದೇ ಇರಲಾರದು. ‘ಇವು ನಮ್ಮಕ್ಕನವು’ ಎಂದು ಒಂದು ಮಾತು ಅಂದಿದ್ದರೆ ಮೈದುನನ ಸಿಟ್ಟು ನನ್ನ ಕಡೆ ತಿರುಗುತ್ತಿತ್ತು. ನೀನು ಅನ್ನಲಿಲ್ಲ. ಕಳ್ಳಿಯೆನಿಸಿಕೊಂಡು ಕೂತು, ನನಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟು, ಅದಲುಬದಲಾಯಿತೇ ಎಂದು ಕೇಳಿದೆ. ನಿಜ ಹೇಳಲೇ? ಮೊದಲು ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಇದರಲ್ಲೂ ನೀನೇ ದೊಡ್ಡವಳಾದೆಯಲ್ಲ ಎಂದು ಹೊಟ್ಟೆ ಉರಿಯಿತು. ಕಣ್ಣೀರು ಆಮೇಲೆ ಬಂತು.

ನಿನ್ನೆ ನಿನ್ನ ಭಾವನವರಿಗೆ ಎಲ್ಲ ಹೇಳಿ, ಅವರ ಜೊತೆ ಶಾನುಭೋಗರ ಜಗುಲಿಗೆ ಹೋದೆ. ಪೆಟ್ಟಿಗೆಯಲ್ಲಿರುವುದು ನನ್ನ ಪಾತ್ರೆ, ಹೊಸವು ನನ್ನ ಮನೆಯಲ್ಲಿವೆ, ಬದಲಿಸಿದವಳು ನಾನು, ಗಂಡಹೆಂಡಿರಿಗೆ ಇದು ತಿಳಿಯದು ಎಂದು ಅವರ ಕೈಯಲ್ಲಿ ಬರೆಸಿ ರುಜು ಹಾಕಿದ್ದೇನೆ. ನಿನ್ನ ಭಾವನವರು ಸಾಕ್ಷಿ. ಜಗುಲಿಯ ಮೇಲೆ ಕೂತವರೆಲ್ಲ ಕೇಳಿಸಿಕೊಂಡರು, ಬಾವಿಕಟ್ಟೆಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತು. ಆ ಪತ್ರ ಇದರ ಜೊತೆಗಿದೆ. ಅಧಿಕಾರಿಗೂ ಸಾಹುಕಾರರಿಗೂ ತೋರಿಸು, ಎಲ್ಲಕ್ಕೂ ಮೊದಲು ಗಂಡನಿಗೆ ತೋರಿಸು. ಮಸಿ ಹಿಡಿಸಿದ ವಿಚಾರ ಅದರಲ್ಲಿಲ್ಲ, ಅದು ನಮ್ಮಿಬ್ಬರದು.

ನಿನ್ನ ಎಂಟನ್ನೂ ಹುಣಿಸೆಹಣ್ಣು ಹಾಕಿ ತಿಕ್ಕಿ ಕಟ್ಟಿಟ್ಟಿದ್ದೇನೆ, ಮಂಡಿಯ ಮುಂದಿನ ಸರಕಿನ ಜೊತೆ ಬರುತ್ತವೆ. ಈ ಸಲ ‘ಬಳಸಿದ ಪಾತ್ರೆ’ ಎಂದೇ ಬರೆಯಲು ಮೈದುನನಿಗೆ ಹೇಳು. ದಿನಕ್ಕೆರಡು ಹೊತ್ತು ಬಳಸಿದ್ದೇನೆ, ಸುಳ್ಳಾಗುವುದಿಲ್ಲ.

ಇಲ್ಲಿಯವರೆಗೆ ಓದಿದ್ದರೆ, ನೂರು ಕಾಲ ಮುತ್ತೈದೆಯಾಗಿ ಬಾಳು.

ಇಂತಿ,
ಅಕ್ಕ ಎಂದು ಇನ್ನೂ ಕರೆಯುವೆಯಾದರೆ ನಿನ್ನ ಅಕ್ಕ,
ಮುದ್ದಕ್ಕ

ಮತ್ತೊಂದು ಮಾತು: ಈಗ ಬರೆಯುವುದನ್ನು ಯಾರಿಗೂ ಹೇಳಕೂಡದೆಂದು ನಿನ್ನ ಭಾವನವರಿಂದ ಭಾಷೆ ತೆಗೆದುಕೊಂಡವಳು ನಾನೇ. ಕೊಲಂಬೋ ಕೆಲಸಕ್ಕೆ ಸಾಹುಕಾರರು ಮೊದಲು ಕರೆದದ್ದು ಅವರನ್ನು. ಸಮುದ್ರ ದಾಟುವ ಮಾತೆತ್ತಿದರೆ ಬಾವಿಗೆ ಬೀಳುತ್ತೇನೆ ಎಂದು ನಾನು ಮೂರು ದಿನ ಅನ್ನ ಬಿಟ್ಟೆ. ಅವರು ಹೋಗಿ ತಮ್ಮನ ಹೆಸರು ಹೇಳಿ ಬಂದರು. ನಿನ್ನೆ ಶಾನುಭೋಗರ ಜಗುಲಿಯಿಂದ ಬಂದು ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಇಷ್ಟೇ ಅಂದರು: ‘ಅಂತೂ ನೀನು ಒಲ್ಲೆ ಅಂದ ಊರ್ಗೆ ನಿನ್ ಪಾತ್ರೆಗಳು ಹೋಗ್ಬುಟ್ವು ಕಣೆ.’